ಕುರಿ ಡಾಕ್ಟರು ಇಲ್ಲದ ನಾಟಕ

ಬರ್ ದುಬೈನ ಕ್ಲಿನಿಕ್ಕೊಂದರಲ್ಲಿ ಎಕ್ಸ್‌ರೇ ತೆಗೆಯುವ ಶಿಫಾನಾ ಒಳಗೆ ಬಂದವರಿಗೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಮೈಮೇಲೆ ಲೋಹದ್ದು ಏನಾದರೂ ಇದೆಯಾ? ಆ ದಿನ ಬಂದ ಇರಾನಿ ಹುಡುಗಿ ಕಿವಿಯೋಲೆ ಬಿಚ್ಚಿ ಟ್ರೇಯಲ್ಲಿಟ್ಟಳು, ಕೂದಲಿನ ಕ್ಲಿಪ್ಪು ತೆಗೆದಳು, ಇನ್ನೇನೂ ಇಲ್ಲ ಎಂದಳು. ತಲೆನೋವೆಂದು ಬಂದವಳು. ಡಾಕ್ಟರು ಮುಖದ ಎಕ್ಸ್‌ರೇ ಬರೆದಿದ್ದರು. ಶಿಫಾನಾ ಗಾಜಿನ ಹಿಂದೆ ಹೋಗಿ ಬಟನ್ ಒತ್ತಿದಳು. ಪರದೆಯ ಮೇಲೆ ಮುಖದ ಎಲುಬುಗಳು ಮೂಡಿದವು. ಎಡಗೆನ್ನೆಯಿಂದ ಹುಬ್ಬಿನ ತನಕ ಬೆಳ್ಳನೆಯ ದುಂಡು ಚುಕ್ಕೆಗಳಿದ್ದವು, ಯಾರೋ ಹಿಡಿ ಸಾಸಿವೆ ಎರಚಿದ ಹಾಗೆ.

ಅದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಂಗಳೂರಿನಲ್ಲಿ ಕಲಿಯುತ್ತಿದ್ದಾಗ, ಕಾಡುಹಂದಿಯೆಂದು ತಿಳಿದು ಗೆಳೆಯನೇ ಗುಂಡು ಹೊಡೆದಿದ್ದ ಒಬ್ಬನನ್ನು ಆಸ್ಪತ್ರೆಗೆ ತಂದಿದ್ದರು. ಅವನ ತೊಡೆಯಲ್ಲೂ ಹೀಗೇ ಇತ್ತು. ಕೋವಿಯ ಚರೆ, ಸೀಸದ ಸಣ್ಣ ಗುಂಡುಗಳು.

ತಲೆ ಎತ್ತಿದರೆ ಗಾಜಿನಾಚೆಯಿಂದ ಆ ಹುಡುಗಿ ಇವಳ ಮುಖವನ್ನೇ ನೋಡುತ್ತಿದ್ದಳು. ಒಂದು ಕಣ್ಣು ನೋಡುತ್ತಿತ್ತು, ಇನ್ನೊಂದು ಸುಮ್ಮನೆ ತೆರೆದಿತ್ತು.

"ಪೊಲೀಸಿಗೆ ಹೇಳುತ್ತೀಯಾ?" ಎಂದು ಅವಳು ತಡವರಿಸುವ ಇಂಗ್ಲಿಷಿನಲ್ಲಿ ಕೇಳಿದಳು.

"ನಾನು ಫೋಟೊ ತೆಗೆಯುವವಳು. ಓದುವುದು ಡಾಕ್ಟರು," ಎಂದಳು ಶಿಫಾನಾ. ಡಾಕ್ಟರು ವಯಸ್ಸಾದವರು. ಚಿತ್ರವನ್ನು ಬಹಳ ಹೊತ್ತು ನೋಡಿ, ಹಳೆಯ ಗಾಯ ಎಂದು ಬರೆದು, ಕಣ್ಣಿನ ತಜ್ಞರಿಗೆ ಚೀಟಿ ಕೊಟ್ಟು ಕಳಿಸಿದರು. ಬೇರೇನೂ ಕೇಳಲಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಇಳಿದಾಗ ಮೆಟ್ಟಿಲ ಬುಡದಲ್ಲಿ ಆ ಹುಡುಗಿ ನಿಂತಿದ್ದಳು. ಹೆಸರು ನಸ್ತರನ್ ಎಂದಳು. ದೇರಾದಲ್ಲಿ ಚಿಕ್ಕಮ್ಮನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. "ನೀನು ನೋಡಿದ್ದನ್ನು ಯಾರಿಗೂ ಹೇಳಲಿಲ್ಲ. ಅದಕ್ಕೆ ಒಂದು ಚಾ ಕುಡಿಸುತ್ತೇನೆ," ಎಂದಳು.

ಹಾಗೆ ಶುರುವಾದ ಚಾ ವಾರಕ್ಕೊಂದು ಸಲ ನಡೆಯತೊಡಗಿತು. ಇಬ್ಬರೂ ಅಬ್ರಾ ದೋಣಿ ಹತ್ತಿ ಊರ ನಡುವಿನ ಉಪ್ಪುನೀರಿನ ಖಾಡಿ ದಾಟುವರು, ಆಚೆ ದಡದಲ್ಲಿ ಕಡಕ್ ಚಾ ಕುಡಿದು ಮರಳುವರು. ನಸ್ತರನ್‌ಳ ಇಂಗ್ಲಿಷ್ ಅರ್ಧಕ್ಕೆ ನಿಂತಾಗ ಫಾರ್ಸಿ ಪದಗಳು ಬೀಳುತ್ತಿದ್ದವು. ದರ್ದ್, ಖೂನ್, ದೋಸ್ತ್, ಜಿಂದಗಿ, ಆಜಾದಿ. ಹಿಂದಿ ಬಲ್ಲ ಶಿಫಾನಾಳಿಗೆ ಅವು ಅರ್ಥವಾಗುತ್ತಿದ್ದವು. ತುಂಡು ತುಂಡಾಗಿ ಕಥೆ ಹೊರಬಂತು.

ಇರಾನಿನ ಒಂದು ಸಣ್ಣ ಪಟ್ಟಣದ ಔಷಧಿ ಅಂಗಡಿಯಲ್ಲಿ ನಸ್ತರನ್ ಕೆಲಸಕ್ಕಿದ್ದಳು. ಹುಡುಗಿಯರು ತಲೆಯ ಬಟ್ಟೆ ಕಳಚಿ ಬೀದಿಗಿಳಿದ ಆ ಶರತ್ಕಾಲದಲ್ಲಿ, ಗಾಯಗೊಂಡವರಿಗೆ ಹಿಂಬಾಗಿಲಿನಿಂದ ಹತ್ತಿ, ಬ್ಯಾಂಡೇಜು ಕೊಡುತ್ತಿದ್ದಳು. ಒಂದು ಸಂಜೆ ತಾನೂ ಹೋದಳು. ಮೊದಲ ಸಲವೇ ಮುಖಕ್ಕೆ ಚರೆ ಬಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಮಫ್ತಿಯವರು ನಿಂತಿದ್ದರು, ಗಾಯ ತೋರಿಸಲು ಬಂದವರನ್ನು ಹಾಗೇ ಗಾಡಿಗೆ ಹತ್ತಿಸುತ್ತಿದ್ದರು. ತಂಗಿ ಗೊಲ್ನಾರ್ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಮೇಲೆ ರಗ್ಗು ಮುಚ್ಚಿ, ಊರ ಹೊರಗಿನ ಕುರಿ ಡಾಕ್ಟರ ಮನೆಗೆ ಒಯ್ದಳು. ಅವನು ಮಾತಾಡದೆ ಬಾಗಿಲು ತೆರೆದ. ಕುರಿಗಳನ್ನು ಮಲಗಿಸುವ ಮೇಜಿನ ಮೇಲೆ ಅವಳನ್ನು ಮಲಗಿಸಿ ಕೈಗೆ ಸಿಕ್ಕಷ್ಟು ಚರೆ ತೆಗೆದ. ಕಣ್ಣು ಉಳಿಸಲು ಅವನಿಂದ ಆಗಲಿಲ್ಲ, ಜೀವ ಉಳಿಸಿದ. ಅವಳ ಮುಂಚೆಯೂ ಕೆಲವರು ಆ ಮೇಜಿನ ಮೇಲೆ ಮಲಗಿದ್ದರು, ಅವಳ ನಂತರವೂ.

ಶಿಫಾನಾ ನಾಟಕ ಮಾಡುವವಳೆಂದು ತಿಳಿದಾಗ ನಸ್ತರನ್ ತಾನಾಗಿಯೇ ಕೇಳಿದಳು. "ನನ್ನ ಕಥೆ ಮಾಡು. ನಿನ್ನ ಭಾಷೆಯಲ್ಲಿ ಮಾಡು. ನನ್ನ ಭಾಷೆಯಲ್ಲಿ ಹೇಳಿದರೆ ಕೇಳಬಾರದವರು ಕೇಳುತ್ತಾರೆ. ನಿನ್ನದು ಅಲ್ಲಿ ಯಾರಿಗೂ ಬಾರದು. ಆದರೂ ಒಂದಷ್ಟು ಜನರಿಗೆ ಗೊತ್ತಾಗುತ್ತದಲ್ಲ?"

ನಾಟಕ ಎಂದರೆ ಶಿಫಾನಾಳಿಗೆ ಅಲ್ಲಿಯವರೆಗೆ ರಾಜ್ಯೋತ್ಸವದ ನಗೆನಾಟಕಗಳು, ಅವುಗಳಲ್ಲಿ ಸ್ಕಾರ್ಫ್ ಬಿಚ್ಚದೆ ಮಾಡಬಹುದಾದ ಅಜ್ಜಿಯ ಪಾತ್ರಗಳು. ಅವನ್ನು ಆಡಿಸುತ್ತಿದ್ದವರು ಅಬುಧಾಬಿಯ ಪ್ಯಾಟ್ರಿಶಿಯಾ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಹತ್ತಿರದ ಇಂಡಿಯನ್ ಸ್ಕೂಲಿನಲ್ಲಿ ಟೀಚರು, ಬೆಳ್ಮಣ್ಣಿನ ಕಡೆಯವರು. ಶಿಫಾನಾ ಕಥೆ ಹೇಳಿದಾಗ ಪ್ಯಾಟ್ರಿಶಿಯಾ, "ಒಬ್ಬಳೇ ನಿಲ್ಲಬೇಕು ನೀನು. ಆ ಹುಡುಗಿ, ಅವಳ ತಾಯಿ, ತಂಗಿ, ಬೀದಿಯ ಹೆಂಗಸರು, ಎಲ್ಲ ನೀನೇ. ಆಗ್ತದಾ?" ಎಂದು ಕೇಳಿದರು.

"ಆಗ್ತದೆ ಪ್ಯಾಟಕ್ಕ."

"ಸ್ಕಾರ್ಫ್ ತೆಗೆಯುವ ಜಾಗ ಉಂಟಲ್ಲ ಮಾರಾಯ್ತಿ. ಅದನ್ನು ಎಂತ ಮಾಡುವುದು?"

ಅದನ್ನು ಶಿಫಾನಾ ಆಗಲೇ ಯೋಚಿಸಿದ್ದಳು. "ನನ್ನದರ ಮೇಲೆ ಇನ್ನೊಂದು ಹಾಕಿಕೊಳ್ತೇನೆ, ಕಪ್ಪಿನದ್ದು. ಅದನ್ನು ತೆಗೀತೇನೆ. ಅವರ ಮೇಲೆ ಹೊರಿಸಿದ್ದು ಅದು. ಇದು ನಾನೇ ಹಾಕಿಕೊಂಡದ್ದು. ಇದು ಇರ್ತದೆ."

ಪ್ಯಾಟ್ರಿಶಿಯಾ ಅದಕ್ಕೆ ಪೂರ್ತಿ ಒಪ್ಪಿದರೋ ಇಲ್ಲವೋ, ಬರೆಯಲು ಕೂತರು.

ಶಿಫಾನಾಳ ಗಂಡ ಸಫೀರ್ ಬರ್ ದುಬೈನ ಬಟ್ಟೆ ಅಂಗಡಿಯ ಪಾಲುದಾರ. ಅವನ ಅಂಗಡಿಯಿಂದ ಹೆಂಗಸರು ತಲೆಯಿಂದ ಕಾಲತನಕ ಹೊದೆಯುವ ಕಪ್ಪು ಚಾದರದ ಬಟ್ಟೆ ಥಾನುಗಟ್ಟಲೆ ಇರಾನಿಗೆ ಹೋಗುತ್ತಿತ್ತು. ಸುದ್ದಿ ಕೇಳಿ ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಿನಗೆ ತಲೆ ಸರಿ ಉಂಟಾ ಶಿಫಾ? ಇದು ನಮ್ಮ ಊರಲ್ಲ. ನಾವು ಇಲ್ಲಿ ವೀಸಾದ ಮೇಲೆ ಇರುವವರು. ಬೇರೆ ದೇಶದ ಗಲಾಟೆ ನಮಗ್ಯಾಕೆ?"

"ಹಾಲ್‌ನಲ್ಲಿ ಅಲ್ಲ. ಪ್ಯಾಟಕ್ಕನ ಮನೆಯಲ್ಲಿ. ಗುರ್ತದವರು ಮಾತ್ರ. ಊಟಕ್ಕೆ ಕರೆದ ಹಾಗೆ."

"ಊಟಕ್ಕೆ ಬಂದವರ ಬಾಯಿಗೆ ಬೀಗ ಹಾಕ್ತೀಯಾ ನೀನು?"

ಮರುದಿನವೂ ಅವನು ಅದನ್ನೇ ಹೇಳಿದ, ಅದರ ಮರುದಿನವೂ. ಕೊನೆಗೆ ಒಂದು ಮಧ್ಯಾಹ್ನ ಅಂಗಡಿಗೆ ಏನೋ ಕೊಡಲು ಹೋಗುವಾಗ ಅವಳು ನಸ್ತರನ್‌ಳನ್ನೂ ಕರೆದುಕೊಂಡು ಹೋದಳು. ಸಫೀರ್ ಅವಳಿಗೆ ಕುರ್ಚಿ ಹಾಕಿ ಜ್ಯೂಸು ತರಿಸಿದ. ಅವಳು ಲೋಟವನ್ನು ಮೇಜಿನ ಮೇಲಿಡಲು ಹೋಗಿ ಅಂಚು ತಪ್ಪಿಸಿದಳು. ಒಂದು ಕಣ್ಣಿನವರಿಗೆ ದೂರದ ಅಂದಾಜು ಸಿಗುವುದಿಲ್ಲ. ಜ್ಯೂಸು ಬಿಳಿ ಸ್ಯಾಟಿನ್ನಿನ ಥಾನಿನ ಮೇಲೆ ಚೆಲ್ಲಿತು. ಅವಳು ಹೆದರಿ ಎದ್ದು ನಿಂತು ಮತ್ತೆ ಮತ್ತೆ ಕ್ಷಮೆ ಕೇಳುವುದನ್ನು ನೋಡಿ ಸಫೀರ್ ತಾನೇ ಬಟ್ಟೆ ತಂದು ಒರಸಿದ. ರಾತ್ರಿಯ ಊಟಕ್ಕೆ ಕೂತಾಗ, "ಯಾವ ಶನಿವಾರ ಅದು ನಿಮ್ಮ ನಾಟಕ? ಕಾರು ನಾನೇ ಬಿಡ್ತೇನೆ," ಎಂದ. ಅಷ್ಟೇ.

ಆ ಶನಿವಾರ ಮೂವರೂ ಅಬುಧಾಬಿಗೆ ಹೊರಟರು. ಹಿಂದಿನ ಸೀಟಿನಲ್ಲಿ ನಸ್ತರನ್, ಅವಳ ಮಡಿಲಲ್ಲಿ ಕಪ್ಪು ಸ್ಕಾರ್ಫಿನ ಚೀಲ. ದಾರಿಯುದ್ದಕ್ಕೂ ಶಿಫಾನಾ ಮನಸ್ಸಿನಲ್ಲೇ ಮಾತುಗಳನ್ನು ಉರು ಹೊಡೆಯುತ್ತಿದ್ದಳು. ಪ್ಯಾಟ್ರಿಶಿಯಾ ಇದ್ದ ವಿಲ್ಲಾದ ಗೇಟಿನ ಮುಂದೆ ಕಾರು ನಿಲ್ಲುವಾಗ ನಸ್ತರನ್‌ಳ ಮೊಬೈಲು ಕಿಣಿಗುಟ್ಟಿತು. ಓದಿದವಳು ಕೆಳಗಿಳಿಯಲಿಲ್ಲ. ಸಫೀರ್ ಗೇಟು ತೆರೆಯಲು ಹೋಗಿದ್ದ. ಅವಳು ಶಿಫಾನಾಳ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗೊಲ್ನಾರ್ ಬರೆದಿದ್ದಾಳೆ. ಕುರಿ ಡಾಕ್ಟರನ್ನು ಪೊಲೀಸರು ಒಯ್ದಿದ್ದಾರೆ. ನಿನ್ನೆ."

ಶಿಫಾನಾ ಹಿಂದೆ ತಿರುಗಿದಳು. "ಹೇಗೆ ಗೊತ್ತಾಯಿತು ಅವರಿಗೆ?"

"ಇನ್ನೂ ಗೊತ್ತಿಲ್ಲ. ಅನುಮಾನ ಮಾತ್ರ. ಯಾರಿಗೆ ಮದ್ದು ಮಾಡಿದೆ ಅಂತ ಕೇಳುತ್ತಿದ್ದಾರೆ. ಅವನು ಕುರಿಗೆ ಮಾತ್ರ ಎನ್ನುತ್ತಿದ್ದಾನಂತೆ."

"ಹಾಗಾದರೆ ಇವತ್ತು ನಾಟಕ ಬೇಡ."

ನಸ್ತರನ್ ತಲೆ ಅಲ್ಲಾಡಿಸಿದಳು. "ನಾಟಕ ಮಾಡು ಶಿಫಾ ಜಾನ್. ಅಮ್ಮನನ್ನು ಮಾಡು, ತಂಗಿಯನ್ನು ಮಾಡು, ನನ್ನನ್ನು ಮಾಡು. ಅವನನ್ನು ಮಾತ್ರ ಬೇಡ. ಕುರಿ ಬೇಡ, ಮೇಜು ಬೇಡ. ನಮ್ಮ ಕಡೆ ಅಂಥ ಡಾಕ್ಟರು ಅವನೊಬ್ಬನೇ. ನಿನ್ನ ಗಂಡನಿಗೂ ಹೇಳಬೇಡ. ತಿಳಿದವರು ಕಡಿಮೆ ಇದ್ದಷ್ಟು ಒಳ್ಳೆಯದು."

ಒಳಗೆ ಮಕ್ಕಳ ಕೋಣೆಯಲ್ಲಿ ವೇಷ ಹಾಕಿಕೊಳ್ಳುತ್ತ ಶಿಫಾನಾ ವಿಷಯ ಹೇಳಿದಾಗ ಪ್ಯಾಟ್ರಿಶಿಯಾ ಮಂಚದ ಮೇಲೆ ಕೂತರು. ಹೊರಗೆ ಹಾಲ್‌ನಲ್ಲಿ ಕುರ್ಚಿ ಎಳೆಯುವ ಸದ್ದು, ಅವರ ಗಂಡ ನೆವಿಲ್ ಬಂದವರನ್ನು ಮಾತಾಡಿಸುವ ಸದ್ದು ಕೇಳಿಸುತ್ತಿತ್ತು.

"ಡಾಕ್ಟರನ್ನು ತೆಗೆದರೆ ನಾಟಕದಲ್ಲಿ ಎಂತ ಉಳೀತು ಶಿಫಾ? ಗುಂಡು ಬಿತ್ತು, ಆಮೇಲೆ ಬದುಕಿದಳು. ನಡುವೆ ಎಂತ ಆಯ್ತು ಅಂತ ಕೇಳುವುದಿಲ್ವಾ ಜನ?"

"ನಡುವಿನದ್ದು ಹಾರಿಸ್ತೇನೆ. ಯಾರೋ ತೆಗೆದರು ಅಂತೇನೆ."

"ಇಷ್ಟು ದಿನ ಬಾಯಿಪಾಠ ಮಾಡಿದ್ದೀ. ನಾಲಿಗೆ ತಾನಾಗಿ ಅಲ್ಲಿಗೇ ಹೋಗ್ತದೆ."

"ಹೋಗಲಿಕ್ಕೆ ಬಿಡುವುದಿಲ್ಲ."

ಹಾಗೆ ಹೇಳಿದಳೇ ಹೊರತು ಅವಳಿಗೂ ಅದೇ ಹೆದರಿಕೆ. ಕಪ್ಪು ಸ್ಕಾರ್ಫಿಗೆ ಪಿನ್ನು ಹಾಕಿಕೊಳ್ಳುವಾಗ ಎರಡು ಸಲ ಬೆರಳಿಗೆ ಚುಚ್ಚಿಕೊಂಡಳು.

ಬಾಗಿಲಲ್ಲಿ ನೆವಿಲ್ ಬೆತ್ತದ ಬುಟ್ಟಿ ಹಿಡಿದು ನಿಂತು ಎಲ್ಲರ ಮೊಬೈಲು ಹಾಕಿಸಿಕೊಂಡಿದ್ದರು. ಬಂದವರೆಲ್ಲ ಊರಿನವರೇ. ಮೂಡಬಿದ್ರಿ, ಕುಂದಾಪುರ, ಪುತ್ತೂರಿನ ಕಡೆಯವರು, ಸ್ಕೂಲಿನ ಕೆಲವು ಟೀಚರುಗಳು. ಸಫೀರ್ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ. ಅವನ ಪಕ್ಕದಲ್ಲಿ ಅವನ ಪಾಲುದಾರ ಅರ್ಶದ್. ಅವನು ಸರಕು ಇಳಿಸಿಕೊಳ್ಳಲು ಅಲ್ ಮೀನಾ ಬಂದರಿಗೆ ಬಂದವನು, ನಾಟಕವೆಂದು ಕೇಳಿ ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದ. ನಸ್ತರನ್ ಅಡುಗೆಮನೆಯ ಬಾಗಿಲ ಹತ್ತಿರ, ಎಲ್ಲರ ಹಿಂದೆ ನಿಂತಳು.

ದೀಪ ಆರಿಸಿ ಒಂದು ಟೇಬಲ್ ಲ್ಯಾಂಪ್ ಮಾತ್ರ ಉಳಿಸಿದರು. ಶಿಫಾನಾ ನಡುವೆ ಬಂದು ನಿಂತಳು.

ಮೊದಲು ತಾಯಿಯಾದಳು. ಮಗಳು ಮನೆಗೆ ಬರುವ ಹೊತ್ತು ಮೀರಿದ್ದಕ್ಕೆ ಒಲೆಯ ಮೇಲಿನ ಅನ್ನವನ್ನು ಬೈಯುವ ತಾಯಿ. ಆಮೇಲೆ ತಂಗಿಯಾದಳು. ಆಮೇಲೆ ಬೀದಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಡೆಯುವ ಹೆಂಗಸರಾದಳು, ಯಾವತ್ತೂ ಮಾತಾಡಿಸಿರದ ಪಕ್ಕದ ಮನೆಯವಳ ಕೈ ಎಷ್ಟು ಬೆವೆತಿತ್ತೆಂದು ಹೇಳಿದಳು. ಕಪ್ಪು ಸ್ಕಾರ್ಫಿನ ಪಿನ್ನು ಕಿತ್ತು, ಅದನ್ನು ತಲೆಯಿಂದ ಎಳೆದು ನೆಲಕ್ಕೆ ಹಾಕಿದಾಗ ಯಾರೋ ಉಸಿರೆಳೆದುಕೊಂಡರು. ಒಳಗಿನ ತಿಳಿನೀಲಿ ಸ್ಕಾರ್ಫು ಕಂಡಾಗ ಆ ಉಸಿರು ಹೊರಬಂತು. ಶಿಫಾನಾ ನಿಲ್ಲಲಿಲ್ಲ. ಗುಂಡಿನ ಸದ್ದಿಗೆ ಪ್ಯಾಟ್ರಿಶಿಯಾ ಒಳಗಿನಿಂದ ಸ್ಟೀಲ್ ತಟ್ಟೆ ಬಡಿದರು. ಶಿಫಾನಾ ಮುಖ ಮುಚ್ಚಿಕೊಂಡು ಬಿದ್ದಳು.

ಕಾರು, ರಗ್ಗು, ತಂಗಿಯ ಉಸಿರು. ಎಲ್ಲ ಸರಾಗವಾಗಿ ಬಂತು. ಬಾಯಿ ತನ್ನ ಪಾಡಿಗೆ ಮುಂದೆ ಓಡುತ್ತಿತ್ತು. "ಊರು ಮುಗಿಯಿತು. ದೀಪಗಳು ಮುಗಿದವು. ತಂಗಿ ಇಳಿದು ಬಾಗಿಲು ತಟ್ಟಿದಳು. ಬಾಗಿಲು ತೆರೆದವನು..."

ಮಾತು ಬಾಯಿಂದ ಬಿದ್ದಾಗಿತ್ತು. ಅದೇ ಕ್ಷಣಕ್ಕೆ ಮುಂದಿನ ಸಾಲಿನಲ್ಲಿ ಒಂದು ಸಣ್ಣ ಬೆಳಕು ಕಂಡಿತು. ಅರ್ಶದ್ ಎದೆಯ ಹತ್ತಿರ ಮೊಬೈಲು ನಿಲ್ಲಿಸಿಕೊಂಡಿದ್ದ. ಅವನ ಹತ್ತಿರ ಎರಡು ಮೊಬೈಲು ಇರುವುದು ಅವಳಿಗೆ ಗೊತ್ತಿತ್ತು. ಬುಟ್ಟಿಗೆ ಒಂದನ್ನೇ ಹಾಕಿದ್ದ. ಅದರ ಕಣ್ಣು ನೇರ ಅವಳ ಮೇಲಿತ್ತು.

ಅವಳು ನೆಲದ ಮೇಲೆ ಅರ್ಧ ಎದ್ದವಳು ಹಾಗೇ ಇದ್ದಳು. ಆಟ ನಿಲ್ಲಿಸಿ ಮೊಬೈಲು ಕೆಳಗಿಡಲು ಹೇಳಬಹುದಿತ್ತು. ಹೇಳಿದರೆ, ಈ ಜಾಗದಲ್ಲೇ ಯಾಕೆ ನಿಲ್ಲಿಸಿದಳೆಂದು ಎಲ್ಲರೂ ಕೇಳುತ್ತಾರೆ. ತೆರೆದವನು ಯಾರೆಂದು ಕೇಳುತ್ತಾರೆ. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಸ್ತರನ್ ನಿಂತೇ ಇದ್ದಳು. ಅವಳಿಗೆ ಕನ್ನಡ ಬಾರದು, ಶಿಫಾನಾ ಸಿಕ್ಕಿಬಿದ್ದಿರುವುದು ಮಾತ್ರ ತಿಳಿದಿತ್ತು.

"ಬಾಗಿಲು ತೆರೆದವನು," ಶಿಫಾನಾ ನಿಧಾನವಾಗಿ ಮತ್ತೆ ಹೇಳಿದಳು, "ಒಬ್ಬನಾದರೂ ಇದ್ದನಾ ಆ ಬೀದಿಯಲ್ಲಿ? ಇಲ್ಲ. ಗಂಡಸರ ಬಾಗಿಲುಗಳೆಲ್ಲ ಮುಚ್ಚಿದ್ದವು. ತೆರೆದವಳು ಒಬ್ಬ ಮುದುಕಿ."

ಆ ಮುದುಕಿ ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಸೊಂಟ ತಾನಾಗಿ ಬಾಗಿತು, ಎಡಗೈ ಸೊಂಟಕ್ಕೆ ಹೋಯಿತು, ಬಾಯಿ ಎಲೆಯಡಿಕೆ ಜಗಿಯತೊಡಗಿತು. ತಂದೆಯ ತಾಯಿ ಬೀಯಮ್ಮ ಬಂದು ನಿಂತಿದ್ದಳು. ಬಂಟ್ವಾಳದ ಆಚೆಯ ಹಳ್ಳಿಯಲ್ಲಿ ಸುತ್ತಲಿನ ಎಲ್ಲ ಜಾತಿಯವರ ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ. ಕಾಲಿಗೆ ಮುಳ್ಳು ಹೊಕ್ಕರೆ, ಮೂಳೆ ಉಳುಕಿದರೆ ಅವಳ ಹತ್ತಿರವೇ ಓಡುತ್ತಿದ್ದರು.

"ಎಂತ ಕೂಗುವುದು ಸುಮ್ಮನೆ? ಕೂಗಿದರೆ ಹೊರಗೆ ಬಂದದ್ದು ಒಳಗೆ ಹೋಗ್ತದಾ?" ಎಂದು ಅವಳು ಗೊಲ್ನಾರ್‌ಳನ್ನು ಗದರಿಸಿದಳು. "ದೀಪ ಹತ್ತಿರ ಹಿಡಿ. ಕೈ ನಡುಗಿಸಬೇಡ. ನಾನು ಮಕ್ಕಳನ್ನು ಹೊರಗೆ ತೆಗೆದವಳು, ಇದೊಂದು ಕಾಳು ತೆಗೆಯಲಿಕ್ಕೆ ಬರುವುದಿಲ್ವಾ?" ಚಿಮಟವನ್ನು ಬೆಂಕಿಗೆ ಹಿಡಿದಳು. ಕೆನ್ನೆಗೆ ಬೆಚ್ಚಗಿನ ತೆಂಗಿನೆಣ್ಣೆ ಸವರಿದಳು. ಒಂದೊಂದು ಚರೆಯನ್ನೂ ತೆಗೆದು ಬಟ್ಟಲಿಗೆ ಹಾಕಿದಳು. ಪ್ರತಿ ಸಲವೂ ಒಂದು ಬೈಗುಳ, ಹುಡುಗಿಗೆ ಅಲ್ಲ, ಹೊಡೆದವನಿಗೆ. ಯಾರೋ ನಕ್ಕರು. ಮರುಕ್ಷಣ ಆ ನಗು ನಿಂತುಹೋಯಿತು. ಕಣ್ಣಿನ ಹತ್ತಿರ ಬಂದಾಗ ಮುದುಕಿ ಬೈಯುವುದನ್ನು ನಿಲ್ಲಿಸಿದ್ದಳು. ಚಿಮಟ ಕೆಳಗಿಟ್ಟಳು. "ಇದು ನನ್ನ ಕೈಯಲ್ಲಿ ಆಗುವುದಿಲ್ಲ ಮಗಾ," ಎಂದಳು.

ಅಲ್ಲಿಂದ ಮುಂದಿನದು ಬರೆದ ಹಾಗೇ ನಡೆಯಿತು. ಗಡಿ, ವಿಮಾನ, ಹೊಸ ಊರು, ಪಾರ್ಲರಿನ ಕನ್ನಡಿಗಳ ನಡುವೆ ತನ್ನ ಮುಖ ನೋಡದೆ ಬೇರೆಯವರ ಕೂದಲು ಕತ್ತರಿಸುವ ಹುಡುಗಿ. ದೀಪ ಹತ್ತಿದಾಗ ಚಪ್ಪಾಳೆ ತಡವಾಗಿ ಶುರುವಾಯಿತು.

ಅವಳು ಚಪ್ಪಾಳೆ ಮುಗಿಯಲು ಕಾಯಲಿಲ್ಲ. ನೇರ ಅರ್ಶದ್‌ನ ಮುಂದೆ ಹೋಗಿ ನಿಂತಳು.

"ವಿಡಿಯೊ ಡಿಲೀಟ್ ಮಾಡಿ."

ಅವನು ನಗಾಡಿದ. "ಅಯ್ಯೋ ಭಾಬಿ, ಬಹಳ ಲಾಯ್ಕ ಮಾಡಿದಿರಿ! ನಮ್ಮ ಹೆಂಗಸರಿಗೆ ತೋರಿಸಲಿಕ್ಕೆ ಅಂತ ಸ್ವಲ್ಪ ತೆಗೆದೆ. ಆದರೆ ಒಂದು ಮಾತು, ಇರಾನಿನಲ್ಲಿ ತೆಂಗಿನೆಣ್ಣೆ ಎಲ್ಲಿಂದ ಬರಬೇಕು?"

"ಡಿಲೀಟ್ ಮಾಡಿ ಅಂದೆ."

ನೆವಿಲ್ ಹತ್ತಿರ ಬಂದರು. "ಮೊಬೈಲ್ ಬುಟ್ಟಿಗೆ ಹಾಕ್ಬೇಕು ಅಂತ ಎಲ್ಲರಿಗೂ ಹೇಳಿದ್ದೆವಲ್ಲ. ಒಪ್ಪಿಗೆ ಇಲ್ಲದೆ ವಿಡಿಯೊ ತೆಗೆದರೆ ಇಲ್ಲಿ ಎಂತ ಕೇಸ್ ಆಗ್ತದೆ ಗೊತ್ತುಂಟಲ್ಲ ನಿಮಗೆ?"

"ಕೇಸಾ? ಒಬ್ಬರ ಮನೆಗೆ ಕರೆದು ಕೇಸ್ ಅಂತೀರಾ?" ಅರ್ಶದ್‌ನ ಮುಖ ಕೆಂಪಾಯಿತು. "ನನ್ನ ಮೊಬೈಲ್ ನನ್ನದು."

ಸಫೀರ್ ಕೈ ಚಾಚಿದ. "ಅರ್ಶದ್, ಮೊಬೈಲ್ ಕೊಡು."

"ನೀನೂ ಶುರು ಮಾಡಿದ್ಯಾ?"

"ಕೊಡು ಮಾರಾಯ."

ಅವನ ದನಿಯಲ್ಲಿದ್ದ ಏನೋ ಒಂದಕ್ಕೆ ಅರ್ಶದ್ ಮೊಬೈಲು ಕೊಟ್ಟ. ಸಫೀರ್ ತೆರೆದು ನೋಡಿದ. ವಿಡಿಯೊ ಆಗಲೇ ಹೊರಟುಹೋಗಿತ್ತು. ಮುದುಕಿಯ ಭಾಗ, ಅಂಗಡಿಕಾರರ ವಾಟ್ಸಾಪ್ ಗ್ರೂಪಿಗೆ. ಕೆಳಗೆ ಅರ್ಶದ್ ಹಿಂದಿಯಲ್ಲಿ ಬರೆದಿದ್ದ: ಸಫೀರ್ ಭಾಯಿಯ ಹೆಂಡತಿ, ಇರಾನಿನ ಸತ್ಯಕಥೆ. ಸಫೀರ್ ಅದನ್ನು ಗ್ರೂಪಿನ ಯಾರಿಗೂ ಕಾಣದ ಹಾಗೆ ಅಳಿಸಿದ, ಮೊಬೈಲಿನೊಳಗಿಂದಲೂ ತೆಗೆದ. ಅಷ್ಟರಲ್ಲಿ ಕೆಲವರು ನೋಡಿಯಾಗಿತ್ತು. ನೋಡಿದವರ ಹೆಸರುಗಳ ನಡುವೆ ಆಗಾ ರೊಸ್ತಮಿಯದ್ದೂ ಇತ್ತು.

ಆಗಾ, ಎಂದರೆ ಸಾಹೇಬ, ಎನಿಸಿಕೊಂಡ ರೊಸ್ತಮಿ ಸಫೀರ್‌ನ ಅಂಗಡಿಯಿಂದ ಚಾದರದ ಬಟ್ಟೆ ಒಯ್ಯುವ ಇರಾನಿ ವ್ಯಾಪಾರಿ. ಇಲ್ಲಿಗೂ ಅಲ್ಲಿಗೂ ಓಡಾಡುವ ಮನುಷ್ಯ. ಅಲ್ಲಿ ಅವನಿಗೆ ಯಾರ ಯಾರ ಗುರ್ತವಿತ್ತೋ ಯಾರಿಗೂ ತಿಳಿಯದು.

ಮರಳುವಾಗ ಕಾರಿನಲ್ಲಿ ನಸ್ತರನ್ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಬೈಯಲಿಲ್ಲ. "ನೀನು ಯಾರನ್ನು ಮಾಡಿದೆ? ಆ ಬಾಗಿದ ಹೆಂಗಸು?" ಎಂದಷ್ಟೇ ಕೇಳಿದಳು. ನನ್ನ ಅಜ್ಜಿ ಎಂದಾಗ ಕಿಟಕಿಗೆ ಹಣೆ ಒತ್ತಿಕೊಂಡು ಕೂತಳು.

ಆಮೇಲಿನ ದಿನಗಳು ಶಿಫಾನಾಳ ಪಾಲಿಗೆ ಕೆಟ್ಟವು. ಕ್ಲಿನಿಕ್ಕಿಗೆ ಗುರ್ತವಿಲ್ಲದ ಗಂಡಸರು ಬಂದು ರಿಸೆಪ್ಶನ್ನಿನಲ್ಲಿ ನಿಂತರೆ ಅವಳು ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದಳು. ಮಫ್ತಿಯವರೋ, ಮೊಣಕಾಲು ನೋವಿನವರೋ? ಗೊಲ್ನಾರ್‌ಳಿಂದ ಸುದ್ದಿಯಿಲ್ಲ. ಅಲ್ಲಿ ಇಂಟರ್ನೆಟ್ ಕಡಿದುಹೋಗುತ್ತಿತ್ತು. ನಸ್ತರನ್ ಚಾ ಕುಡಿಯಲು ಬರುವುದನ್ನೂ ಬಿಟ್ಟಳು. ಇಬ್ಬರೂ ಒಟ್ಟಿಗೆ ಕಾಣಿಸಿಕೊಳ್ಳದಿರುವುದು ಒಳ್ಳೆಯದೆಂದಳು. ತಾನು ಒಂದೇ ಒಂದು ಗಂಡಸಿನ ಪ್ರತ್ಯಯ ತಪ್ಪಿ ನುಡಿದದ್ದು, ತೆರೆದವನು ಎಂದದ್ದು, ಆ ವಿಡಿಯೊದಲ್ಲಿ ಇತ್ತೋ ಇರಲಿಲ್ಲವೋ ಎಂದು ಶಿಫಾನಾ ಅನ್ನ ಬಸಿಯುವಾಗಲೂ ಯೋಚಿಸುತ್ತಿದ್ದಳು. ಸಫೀರ್‌ನನ್ನು ಕೇಳಿದರೆ ಅವನು, "ನಾನು ಅಷ್ಟು ಸರಿಯಾಗಿ ನೋಡಲಿಲ್ಲ," ಎನ್ನುತ್ತಿದ್ದ. ಅಂಗಡಿಯಿಂದ ಬಂದವನು ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದ.

ಒಂದು ಗುರುವಾರ ಮಧ್ಯಾಹ್ನ ರೊಸ್ತಮಿ ಅಂಗಡಿಗೆ ಬಂದ. ಆ ಹೊತ್ತಿಗೆ ಶಿಫಾನಾ ಊಟದ ಡಬ್ಬಿ ಕೊಡಲು ಬಂದವಳು ಒಳಗೆ ಥಾನುಗಳ ಸಾಲಿನ ಹಿಂದೆ ನಿಂತಿದ್ದಳು. ಅವನ ದನಿ ಕೇಳಿ ಅಲ್ಲೇ ಉಳಿದಳು.

ರೊಸ್ತಮಿ ಬಟ್ಟೆಯ ಅಂಚನ್ನು ಬೆರಳಿನಲ್ಲಿ ತಿಕ್ಕುತ್ತ ದುಬೈಯ ಹಿಂದಿಯಲ್ಲಿ ಮಾತಿಗಿಳಿದ. ಕುಟುಂಬ ಹೇಗಿದೆ, ಸೆಕೆ ಹೇಗಿದೆ. ಆಮೇಲೆ ಅದೇ ದನಿಯಲ್ಲಿ, "ನಿಮ್ಮ ಬೇಗಂ ಒಂದು ನಾಟಕ ಮಾಡಿದರಲ್ಲ. ನಮ್ಮ ದೇಶದ್ದು. ಸತ್ಯಕಥೆ ಅಂತ ಅರ್ಶದ್ ಬರೆದಿದ್ದ."

"ಅರ್ಶದ್‌ಗೆ ಏನು ಗೊತ್ತು ಆಗಾ?"

"ಆ ಮುದುಕಿ. ಮದ್ದು ಮಾಡುವವಳು. ಅವಳು ಯಾವ ಊರಿನವಳು?"

ಥಾನುಗಳ ಸಂದಿಯಿಂದ ಶಿಫಾನಾಳಿಗೆ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು.

ಸಫೀರ್ ನಕ್ಕ. ಅವನು ಅಷ್ಟು ಸಲೀಸಾಗಿ ನಗಬಲ್ಲನೆಂದು ಅವಳಿಗೆ ಗೊತ್ತಿರಲಿಲ್ಲ.

"ಆಗಾ, ನಿಮ್ಮ ದೇಶದಲ್ಲಿ ಗಾಯಕ್ಕೆ ತೆಂಗಿನೆಣ್ಣೆ ಹಚ್ಚುತ್ತಾರಾ?"

ರೊಸ್ತಮಿ ಹುಬ್ಬು ಗಂಟಿಕ್ಕಿದ. "ತೆಂಗಿನೆಣ್ಣೆ?"

"ಆ ಮುದುಕಿ ಹಚ್ಚಿದ್ದು ಅದೇ. ಬೇಕಿದ್ದರೆ ಅರ್ಶದ್‌ನನ್ನೇ ಕೇಳಿ, ಅಲ್ಲೇ ತಮಾಷೆ ಮಾಡಿದ. ಅದು ನನ್ನ ಹೆಂಡತಿಯ ಅಜ್ಜಿ. ಬೀಯಮ್ಮ ಅಂತ. ಮಂಗಳೂರಿನ ಹತ್ತಿರದ ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ಅವಳ ಮಯ್ಯತ್ತಿಗೆ ನಾನೇ ಹೆಗಲು ಕೊಟ್ಟಿದ್ದೇನೆ. ಹೆಂಗಸರು ಟಿವಿ ನೋಡುತ್ತಾರೆ, ಸ್ವಲ್ಪ ಅಲ್ಲಿಂದ, ಸ್ವಲ್ಪ ಮನೆಯಿಂದ ಸೇರಿಸಿ ನಾಟಕ ಕಟ್ಟುತ್ತಾರೆ. ಖಲಾಸ್."

ರೊಸ್ತಮಿ ಬಟ್ಟೆಯ ಅಂಚು ಬಿಟ್ಟ. "ಇಂಥ ನಾಟಕ ಒಳ್ಳೆಯದಲ್ಲ ಸಫೀರ್ ಭಾಯಿ. ವ್ಯಾಪಾರಕ್ಕೆ ಒಳ್ಳೆಯದಲ್ಲ," ಎಂದ. ಆ ಸಲ ಬಟ್ಟೆ ಒಯ್ಯಲಿಲ್ಲ. ಮುಂದೆಯೂ ಒಯ್ಯಲಿಲ್ಲ. ಕೇಳಲು ಅವನನ್ನು ಯಾರಾದರೂ ಕಳಿಸಿದ್ದರೋ, ಸ್ವಂತ ಕುತೂಹಲಕ್ಕೆ ಬಂದಿದ್ದನೋ, ಅದು ಕೊನೆಗೂ ತಿಳಿಯಲಿಲ್ಲ.

ಅವನು ಹೋದ ಮೇಲೆ ಶಿಫಾನಾ ಹೊರಗೆ ಬಂದಳು. ಸಫೀರ್ ಕೌಂಟರಿಗೆ ಎರಡೂ ಕೈ ಊರಿ ನಿಂತಿದ್ದ. ಅವಳು ನೀರು ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಅವಳು ಮೆಲ್ಲಗೆ ಕೇಳಿದಳು.

"ತೆರೆದವನು ಅಂತ ಹೇಳಿ ನೀನು ನಿಂತೆಯಲ್ಲ. ಆಗಲೇ ಗೊತ್ತಾಯ್ತು ಯಾರನ್ನೋ ಅಡಗಿಸ್ತಾ ಇದ್ದೀ ಅಂತ. ಸರಿಯಾಗಿ ನೋಡಲಿಲ್ಲ ಅಂದದ್ದು ಸುಳ್ಳು, ಆ ಮಾತು ಎತ್ತಿದರೆ ನೀನು ಎಲ್ಲ ಹೇಳಿಬಿಡ್ತಿದ್ದೆ. ವಿಡಿಯೊದಲ್ಲಿ ಅದು ಇರಲಿಲ್ಲ. ಮುದುಕಿಯಿಂದ ಶುರು. ನೀನು ಹೆದರಬೇಡ."

"ಇದ್ದದ್ದು ಯಾರು ಅಂದರೆ..."

"ಹೇಳಬೇಡ." ಅವನು ಕೈ ಎತ್ತಿದ. "ನನಗೆ ಗೊತ್ತಾಗುವುದು ಬೇಡ ಶಿಫಾ. ಗೊತ್ತಿಲ್ಲದಿದ್ದರೆ ಇನ್ನೊಂದು ಸಲವೂ ಹೀಗೇ ಹೇಳಬಹುದು."

ಸೆಕೆ ಇಳಿದು ಗಾಳಿ ತಣ್ಣಗಾಗುವ ಹೊತ್ತಿಗೆ ಗೊಲ್ನಾರ್‌ಳಿಂದ ಸುದ್ದಿ ಬಂತು. ಡಾಕ್ಟರನ್ನು ಬಿಟ್ಟಿದ್ದಾರೆ. ಲೈಸೆನ್ಸು ಕಿತ್ತುಕೊಂಡಿದ್ದಾರೆ, ಎಡಗೈಯ ಬೆರಳುಗಳು ಸರಿಯಾಗಿ ಮಡಚುವುದಿಲ್ಲ. ಆದರೆ ಅವನ ಬಾಯಿಂದ ಒಂದು ಹೆಸರೂ ಹೊರಬಂದಿಲ್ಲ. ಈಗ ಆ ಊರನ್ನೇ ಬಿಟ್ಟು, ಗಡಿಯಾಚೆ ಅಣ್ಣನ ಮನೆ ಸೇರಿಕೊಂಡಿದ್ದಾನೆ. ಅದನ್ನು ಹೇಳಲು ನಸ್ತರನ್ ಅವರ ಫ್ಲಾಟಿಗೇ ಬಂದಳು. ಬಹಳ ದಿನಗಳ ನಂತರ ಬಂದವಳನ್ನು ಶಿಫಾನಾ ಊಟಕ್ಕೆ ಕೂರಿಸಿದಳು. ಕೋರಿರೊಟ್ಟಿ ಮಾಡಿದ್ದಳು. ಗರಿಗರಿ ರೊಟ್ಟಿ ಮುರಿಯುವ ಸದ್ದಿಗೆ ನಸ್ತರನ್ ಮೊದಲು ಬೆಚ್ಚಿದಳು, ಆಮೇಲೆ ತಾನೂ ಮುರಿದಳು.

ಸಫೀರ್ ಕೈ ತೊಳೆದು ಬಂದು ಎದುರು ಕೂತ. "ಈಗ ಹೇಳು," ಎಂದ ಹೆಂಡತಿಗೆ. "ಬಾಗಿಲು ತೆರೆದದ್ದು ಯಾರು?"

ಶಿಫಾನಾ ನಸ್ತರನ್ ಕಡೆ ನೋಡಿದಳು. ಅವಳು ತಲೆ ಆಡಿಸಿದಳು. ಶಿಫಾನಾ ಪ್ಯಾಟ್ರಿಶಿಯಾ ಬರೆದದ್ದನ್ನೇ, ಆಡದೆ ಬಿಟ್ಟದ್ದನ್ನೇ, ಕೂತಲ್ಲೇ ಹೇಳಿದಳು. ಊರ ಹೊರಗಿನ ಮನೆ, ಮಾತಾಡದೆ ತೆರೆದ ಬಾಗಿಲು, ಮೇಜು, ಕುರಿಯ ವಾಸನೆ. ಸಫೀರ್ ರೊಟ್ಟಿ ಮುಟ್ಟದೆ ಕೇಳಿದ.

"ಅವರು ಒಂದು ಮಾತೂ ಆಡಲಿಲ್ವಾ?" ಎಂದು ಅವನು ಹಿಂದಿಯಲ್ಲಿ ನಸ್ತರನ್‌ಳನ್ನೇ ಕೇಳಿದ. ಶಿಫಾನಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

ನಸ್ತರನ್ ಯೋಚಿಸಿದಳು. ಆಮೇಲೆ ನಾಟಕಕ್ಕೆಂದು ಕಥೆ ಹೇಳುವಾಗಲೂ ಹೇಳಿರದ ಒಂದನ್ನು ಹೇಳಿದಳು. ಮಾತು ಆಡಲಿಲ್ಲ. ಅವನಿಗೆ ನೋವಿನಲ್ಲಿರುವ ಮನುಷ್ಯರ ಜೊತೆ ಹೇಗೆ ಮಾತಾಡಬೇಕೆಂದು ಗೊತ್ತಿರಲಿಲ್ಲವೇನೋ. ಚರೆ ಕೀಳುವಾಗ ತಾನು ಒದ್ದಾಡಿದಾಗಲೆಲ್ಲ ಕುತ್ತಿಗೆಯ ಮೇಲೆ ಅಂಗೈ ಇಟ್ಟು, ಹೆದರಿದ ಕುರಿಯನ್ನು ಸುಮ್ಮನಾಗಿಸುವಾಗ ಮಾಡುತ್ತಾರಲ್ಲ, ಆ ಸದ್ದು ಮಾಡುತ್ತಿದ್ದ. ಅವಳು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಮೆಲ್ಲಗೆ, ಆ ಸದ್ದು ಮಾಡಿ ತೋರಿಸಿದಳು.